ಆ ತಾಯಿಗೆ ನಾವು ಕೊಟ್ಟ ಉತ್ತರ

ಬೆಂಗಳೂರಿನ ಕಾಪೊಯೆರಾ ಗೆಳೆಯ ಗೆಳತಿಯರೇ,

ಎರಡು ಭಾನುವಾರದ ಹಿಂದೆ ಪಾರ್ಕಿನಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಆಟ ಮುಗಿಸಿ, ಬೆರಿಂಬಾವ್‌ನ ತಂತಿ ಸಡಿಲಿಸಿ, ಬೆವರು ಒರೆಸಿಕೊಳ್ಳುತ್ತ ಕೂತಿದ್ದೆವು. ವಾಕಿಂಗ್‌ಗೆ ಬಂದಿದ್ದ ಒಬ್ಬ ತಾಯಿ, ಜೊತೆಗೆ ಹದಿನಾಲ್ಕರ ಮಗಳು, ಹತ್ತಿರ ಬಂದು ಕೇಳಿದರು: "ಇದು ಕಲಿತರೆ ಇವಳು ತನ್ನನ್ನು ತಾನು ಕಾಪಾಡಿಕೊಳ್ತಾಳಾ ಸಾರ್? ಟ್ಯೂಷನ್ ಮುಗಿಸಿ ಮನೆಗೆ ಬರೋದು ರಾತ್ರಿ ಎಂಟಾಗುತ್ತೆ." ನಮ್ಮಲ್ಲೊಬ್ಬರು ಯೋಚನೆಯನ್ನೇ ಮಾಡದೆ "ಹಂಡ್ರೆಡ್ ಪರ್ಸೆಂಟ್ ಮೇಡಂ" ಅಂದರು. ಇನ್ನೊಬ್ಬರು ಮೊಬೈಲ್ ತೆಗೆದು ಆ ವಿಡಿಯೋ ತೋರಿಸಿದರು. ಯಾವ ವಿಡಿಯೋ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಾಯಿ ಫೀಸು ವಿಚಾರಿಸಿಕೊಂಡು, ಮುಂದಿನ ತಿಂಗಳಿಂದ ಕಳಿಸ್ತೀನಿ ಎಂದು ಹೊರಟರು. ನಾನು ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಆವತ್ತಿನಿಂದ ಅದೊಂದು ಮುಳ್ಳು ಒಳಗೆ ಆಡುತ್ತಿದೆ.

ನಮ್ಮ ವಾಟ್ಸಾಪ್ ಗುಂಪಿನಲ್ಲೇ ಇದನ್ನು ಬರೆಯಬಹುದಿತ್ತು. ಬರೆದರೆ ನಾಲ್ಕು ಹೆಬ್ಬೆರಳು, ಎರಡು ನಗುಮುಖ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ಅಲ್ಲದೆ ಇದೇ ಪ್ರಶ್ನೆ ಹಿಡಿದು ನಮ್ಮ ಹತ್ತಿರ ಬರುವ ಅಪ್ಪ ಅಮ್ಮಂದಿರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಬಯ್ಯುವವರು ಮುಂಚೆ ಇಷ್ಟು ತಿಳಿದಿರಲಿ: ನಾನು ಹೊರಗಿನವನಲ್ಲ. ಮೂವತ್ತೈದು ದಾಟಿದ ಮೇಲೆ ಶುರು ಮಾಡಿ ಎಂಟು ವರ್ಷ ಇದೇ ಸುತ್ತಿನಲ್ಲಿ ಚಪ್ಪಾಳೆ ತಟ್ಟಿದವನು, ಎಡ ಮಂಡಿಯನ್ನು ಇದಕ್ಕೇ ಒಪ್ಪಿಸಿದವನು.

ಕಾಪೊಯೆರಾ ನೋಡದವರಿಗೆ ಎರಡು ಮಾತು. ಇದು ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರು ಬ್ರೆಜಿಲ್‌ನಲ್ಲಿ ಕಟ್ಟಿದ ಕಾದಾಟದ ಆಟ. ಜನ ವೃತ್ತವಾಗಿ ನಿಂತು ಹಾಡುತ್ತಾರೆ. ಒಂದೇ ತಂತಿಯ, ಬುಡದಲ್ಲಿ ಸೋರೆಬುರುಡೆ ಕಟ್ಟಿದ ಬಿಲ್ಲಿನಂಥ ವಾದ್ಯ ಬೆರಿಂಬಾವ್ ಗತಿ ಕೊಡುತ್ತದೆ. ಇಬ್ಬರು ಒಳಗಿಳಿದು ಒದೆತ, ತಪ್ಪಿಸುವಿಕೆ, ಲಾಗ, ಪಲ್ಟಿಗಳಲ್ಲಿ ಸವಾಲು ಜವಾಬು ನಡೆಸುತ್ತಾರೆ. ಆ ವೃತ್ತದ ಹೆಸರು 'ಹೋಡಾ'. ಪೋರ್ಚುಗೀಸರ ಕಾಗುಣಿತದಲ್ಲಿ ಅದು ರಕಾರ, ಬ್ರೆಜಿಲ್‌ನವರ ಬಾಯಲ್ಲಿ ಹಕಾರ. ಪಾಲು ಹಾಲಾದ ಭಾಷೆಯವರಾದ ನಮಗೆ ಇದೇನೂ ಸೋಜಿಗವಲ್ಲ. ಗುರುವನ್ನು 'ಮೆಸ್ತ್ರಿ' ಅನ್ನುತ್ತಾರೆ. ನಮ್ಮ ಗಾರೆ ಮೇಸ್ತ್ರಿಯೂ ಅದೇ ಪೋರ್ಚುಗೀಸ್ ಪದದಿಂದ ಬಂದವನು.

ಹೊಸಬರು ಬಂದರೆ ನಾವು ಮೊದಲು ಹೇಳುವ ಕಥೆ ಗೊತ್ತಲ್ಲ: ಕಬ್ಬಿನ ತೋಟದ ಗುಲಾಮರು ಧಣಿಯ ಕಣ್ಣಿಗೆ ಮಣ್ಣೆರಚಲು ಯುದ್ಧವನ್ನು ಕುಣಿತದ ವೇಷದಲ್ಲಿ ಬಚ್ಚಿಟ್ಟರು, ಹಾಗಾಗಿ ಇದು ನೋಡಲು ನೃತ್ಯ, ಒಳಗೆ ಮಾರಕಾಸ್ತ್ರ. ಕೇಳಲು ಸೊಗಸಾದ ಕಥೆ, ನಾನೂ ಹತ್ತಾರು ಸಲ ಹೇಳಿದ್ದೇನೆ. ಬ್ರೆಜಿಲ್‌ಗೆ ಹಡಗಿನಲ್ಲಿ ತಂದಿಳಿಸಿದ ಆಫ್ರಿಕನ್ನರು ಸುಮಾರು 48 ಲಕ್ಷ. (ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರಿಯರನ್ನು ಗೋವಾದ ದಾರಿಯಲ್ಲಿ ಈ ಕಡೆಗೆ ತಂದದ್ದೂ ಅದೇ ಪೋರ್ಚುಗೀಸರ ವ್ಯಾಪಾರ.) ಅಷ್ಟು ಜನರ ನೋವಿನಿಂದ ಹುಟ್ಟಿದ್ದಕ್ಕೆ ಒಂದು ವೀರಗಾಥೆ ಇರಬೇಕು ಅನ್ನಿಸುವುದು ಸಹಜ. ಆದರೆ ತೋಟದ ಕಥೆಗೆ ಕಾಗದದ ಸಾಕ್ಷಿ ತೀರಾ ಕಡಿಮೆ. ನಗರದ ಬೀದಿಯ ಕಥೆಗೆ ರಾಶಿಗಟ್ಟಲೆ ಇದೆ, ಅದೂ ಪೊಲೀಸ್ ದಫ್ತರದಲ್ಲಿ. 1835ರಲ್ಲಿ ಅಚ್ಚಾದ, ಜರ್ಮನಿಯ ರುಗೆಂದಾಸ್ ಬಿಡಿಸಿದ ಕಾಪೊಯೆರಾ ಚಿತ್ರವನ್ನೇ ನೋಡಿ. ಇಬ್ಬರು ಎದುರುಬದುರು ನಿಂತಿದ್ದಾರೆ, ಪಕ್ಕದಲ್ಲೊಬ್ಬ ಡೋಲಿನ ಮೇಲೆ ಕೂತಿದ್ದಾನೆ. ಬೆರಿಂಬಾವ್ ಇಲ್ಲ, ಲಾಗ ಇಲ್ಲ, ಕಾಲು ಆಕಾಶಕ್ಕೆ ಏರಿಲ್ಲ.

ಇದು ನಿಜಕ್ಕೂ ಜನ ಹೆದರುತ್ತಿದ್ದ ವಿದ್ಯೆಯಾಗಿದ್ದದ್ದು ಹತ್ತೊಂಬತ್ತನೇ ಶತಮಾನದ ರಿಯೋ ಡಿ ಜನೈರೋದಲ್ಲಿ. ಅಲ್ಲಿ ಕಾಪೊಯೆರಾದವರು 'ಮಾಲ್ಟಾ' ಎಂಬ ತಂಡ ಕಟ್ಟಿಕೊಂಡು ಬೀದಿ ಆಳುತ್ತಿದ್ದರು. ನಾಗೋವಾ, ಗ್ವಾಯಾಮು ಎಂಬ ಎರಡು ದೊಡ್ಡ ಕೂಟಗಳು ಊರನ್ನೇ ಹಂಚಿಕೊಂಡಿದ್ದವು. ಚುನಾವಣೆ ಬಂದರೆ ರಾಜಕಾರಣಿಗಳು ಇವರನ್ನು ಬಾಡಿಗೆಗೆ ಹಿಡಿದು ಎದುರು ಪಕ್ಷದವರನ್ನು ಹೊಡೆಸುತ್ತಿದ್ದರು. 1889ರಲ್ಲಿ ಗಣರಾಜ್ಯ ಬಂತು. ರಿಯೋದ ಹೊಸ ಪೊಲೀಸ್ ಮುಖ್ಯಸ್ಥ ಸಾಂಪಾಯು ಫೆರಾಜ್ ಇವರನ್ನು ಹಿಡಿಹಿಡಿದು ಫೆರ್ನಾಂದು ದಿ ನೊರೊನ್ಯಾ ಎಂಬ ದ್ವೀಪಕ್ಕೆ ಗಡಿಪಾರು ಮಾಡಿದ. 1890ರ ದಂಡಸಂಹಿತೆಯ 402ನೇ ಕಲಮು ಬೀದಿಯಲ್ಲಿ ಕಾಪೊಯೆರಾ ಆಡಿದವರಿಗೆ ಎರಡರಿಂದ ಆರು ತಿಂಗಳ ಸೆರೆವಾಸ ಗೊತ್ತುಮಾಡಿತು.

"ನೋಡಿ, ಸರ್ಕಾರವೇ ನಿಷೇಧಿಸಿತ್ತು, ಅಷ್ಟು ಅಪಾಯಕಾರಿ!" ಎಂದು ನಾವು ಎದೆ ಉಬ್ಬಿಸಿ ಹೇಳುವುದು ಇದನ್ನೇ. ಹೌದು, ಅಪಾಯಕಾರಿಯೇ. ಆ ಅಪಾಯ ಯಾವುದರಿಂದ ಬಂತು ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮಾಲ್ಟಾದವನ ಕೈಯಲ್ಲಿ ಕ್ಷೌರದ ಕತ್ತಿ ಇರುತ್ತಿತ್ತು, ಬೆನ್ನಿಗೆ ಇಪ್ಪತ್ತು ಜನ ಇರುತ್ತಿದ್ದರು, ಹೊಟ್ಟೆಗೋ ಮುಖಕ್ಕೋ ತಲೆಯಿಂದ ಗುದ್ದುವುದು ಅವನ ನೆಚ್ಚಿನ ಪಟ್ಟಾಗಿತ್ತು, ಎದುರಾಳಿಗೆ ತಯಾರಾಗಲು ಅವನು ಸಮಯ ಕೊಡುತ್ತಿರಲಿಲ್ಲ. ಆ ಭಯದಲ್ಲಿ ಕಾಲಿನ ಪಾಲೆಷ್ಟು, ಕತ್ತಿಯ ಪಾಲೆಷ್ಟು? ನಾವು ಕತ್ತಿಯನ್ನು ಬಿಟ್ಟೆವು, ಗುಂಪುದಾಳಿಯನ್ನು ಬಿಟ್ಟೆವು, ತಲೆಗುದ್ದನ್ನೂ ತೋರಿಕೆಗೆ ಇಳಿಸಿದೆವು. ಬಿಟ್ಟದ್ದು ಒಳ್ಳೆಯದೇ. ಆದರೆ ಅಜ್ಜ ಹುಲಿ ಹೊಡೆದ ಎಂದು ಮೊಮ್ಮಗ ಮೀಸೆ ತಿರುವುವ ಹಾಗೆ, ಅವರ ಹೆಸರನ್ನು ಮಾತ್ರ ಇಟ್ಟುಕೊಂಡೆವು.

ನಮ್ಮ ಎರಡನೆಯ ಪ್ರಿಯ ಕಥೆ ಸಿರಿಯಾಕು ಎಂಬ ಕಾಪೊಯೆರಾ ಆಟಗಾರನದು. 1909ರಲ್ಲಿ ರಿಯೋದ ರಂಗಮಂದಿರವೊಂದರಲ್ಲಿ ಜಪಾನಿನ ಜುಜುತ್ಸು ಶಿಕ್ಷಕ ಸಾದಾ ಮಿಯಾಕೋ ಎದುರು ಅವನು ನಿಂತ. ತಿರುಗಿ ಬೀಸಿದ ಒದೆತಕ್ಕೆ ಮಿಯಾಕೋ ಉರುಳಿದ. ನಿಜ. ಊರೆಲ್ಲ ಅವನನ್ನು ಮೆರೆಸಿತು, ಅದೂ ನಿಜ. ಆದರೆ ಒಂದು ಸಂಜೆಯ ಒಂದು ಒದೆತದಿಂದ ನೂರು ವರ್ಷದ ವಾದ ಗೆಲ್ಲಲು ಹೋಗಬೇಡಿ. ಒಮ್ಮೆ ಲಾಟರಿ ಹೊಡೆದವನ ಮನೆಯಲ್ಲಿ ನಾಳೆಯ ಹಾಲಿಗೂ ಟಿಕೆಟ್ ಕೊಳ್ಳುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡ ಕಥೆ ಮೆಸ್ತ್ರಿ ಬಿಂಬಾ ಅವರದು. ಅದನ್ನು ನಾವು ಅರ್ಧ ಮಾತ್ರ ಹೇಳುತ್ತೇವೆ. ಮಾನುಯೆಲ್ ದುಸ್ ಹೇಯ್ಸ್ ಮಶಾದು ಎಂಬುದು ಅವರ ಪೂರ್ತಿ ಹೆಸರು, ಊರು ಬ್ರೆಜಿಲ್‌ನ ಬಾಯಿಯಾ ರಾಜ್ಯದ ಸಾಲ್ವಡೋರ್. ತಂದೆ 'ಬತೂಕಿ' ಎಂಬ, ಕಾಲಿಗೆ ಕಾಲು ಕೊಟ್ಟು ಉರುಳಿಸುವ ಒರಟು ಆಟದಲ್ಲಿ ಹೆಸರು ಮಾಡಿದವರು. ತನ್ನ ಕಣ್ಣೆದುರೇ ಕಾಪೊಯೆರಾ ಹಲ್ಲು ಕಳೆದುಕೊಂಡು ನೋಡುಗರ ಮುಂದಿನ ಆಟವಾಗುತ್ತಿದೆ ಎಂದು ಬಿಂಬಾಗೆ ಕಂಡಿತು. ಹಾಗೆಂದು ಭಾಷಣ ಮಾಡುತ್ತ ಕೂರಲಿಲ್ಲ. ಬತೂಕಿಯ ಪಟ್ಟುಗಳನ್ನು ಸೇರಿಸಿದರು. ದಾಳಿ ಪ್ರತಿದಾಳಿಗಳನ್ನು ಜೋಡಿಯಾಗಿ ಅಭ್ಯಾಸ ಮಾಡುವ ಕ್ರಮ ಕಟ್ಟಿದರು. ಹೊಸಬನ ಎರಡೂ ಕೈ ಹಿಡಿದುಕೊಂಡು ಜಿಂಗಾ, ಅಂದರೆ ತೂಗಾಡುವ ಆ ಮೂಲ ಹೆಜ್ಜೆಯನ್ನು, ತಾವೇ ಕಲಿಸಿದರು. 1936ರಲ್ಲಿ ಯಾರು ಬೇಕಾದರೂ ಬನ್ನಿ ಎಂದು ಸವಾಲು ಹಾಕಿ ಸಾಲ್ವಡೋರ್‌ನ ರಿಂಗಿನಲ್ಲಿ ಗೆದ್ದರು. 1937ರಲ್ಲಿ ಅವರ ಶಾಲೆಗೆ ಸರ್ಕಾರದ ಮಾನ್ಯತೆ ಸಿಕ್ಕಿತು. ಮೇಲ್ಮಟ್ಟದ ಶಿಷ್ಯರನ್ನು ಮರಗಿಡಗಳ ಜಾಗಕ್ಕೆ ಕಳಿಸಿ, ಬೇರೆ ಶಿಷ್ಯರನ್ನು ಅವಿತುಕೊಳ್ಳಲು ಹೇಳಿ, ಒಬ್ಬನ ಮೇಲೆ ನಾಲ್ಕೈದು ಜನ ಎರಗಿಸುತ್ತಿದ್ದರು, ಅದು ಪರೀಕ್ಷೆ. ಸೊಂಟಕ್ಕೆ ದರ್ಜೆಯ ಹಗ್ಗ ಕಟ್ಟುವ ನಮ್ಮ ಪರೀಕ್ಷೆಯನ್ನು ನೆನೆಸಿಕೊಳ್ಳಿ: ಬಿಳಿ ಪ್ಯಾಂಟು, ಫೋಟೋಗ್ರಾಫರ್, ಕೊನೆಗೆ ಪಲಾವ್.

ನಾವು ನುಂಗಿಕೊಳ್ಳುವ ಉಳಿದರ್ಧ 1949ರದು. ಬಿಂಬಾ ಶಿಷ್ಯರು ರಿಯೋಗೆ ಹೋಗಿ ಸಿನ್ಯೋಜಿನ್ಯೋ ಎಂದು ಹೆಸರಾದ ಅಜೆನೋರ್ ಸಾಂಪಾಯು ಅವರ ಶಿಷ್ಯರೆದುರು ಕಾದಿದರು. ಸಿನ್ಯೋಜಿನ್ಯೋ ಕಲಿಸುತ್ತಿದ್ದದ್ದೂ ಕಾಪೊಯೆರಾವನ್ನೇ. ಆದರೆ ಅಲ್ಲಿ ಬೆರಿಂಬಾವ್ ಇಲ್ಲ, ಹಾಡಿಲ್ಲ, ವೃತ್ತವಿಲ್ಲ. ದೇಹ ಗಟ್ಟಿ ಮಾಡುವುದು, ಹೊಡೆಯುವುದು, ಹೊಡೆಸಿಕೊಳ್ಳುವುದು ಅಷ್ಟೇ. ಬಿಂಬಾ ಶಿಷ್ಯರು ಸೋತರು. ಸಿನ್ಯೋಜಿನ್ಯೋ ಶಿಷ್ಯ ಹುಡೋಲ್ಫ್ ಎರ್ಮಾನಿ ಎಂಬ ಯುವಕ ತನ್ನ ಎದುರಾಳಿಯನ್ನು ಕೆಲವೇ ನಿಮಿಷದಲ್ಲಿ ಮುಗಿಸಿದ. ಎರಡೂ ಕಡೆಯವರು ಬಳಸಿದ ಒದೆತಗಳ ಹೆಸರು ಒಂದೇ. ಬೇರೆಯಿದ್ದದ್ದು ವಾರದ ಉಳಿದ ಆರು ದಿನ ಅವರು ಏನು ಮಾಡುತ್ತಿದ್ದರು ಎಂಬುದು.

ಸಿನ್ಯೋಜಿನ್ಯೋ ಅವರ ಕಾಪೊಯೆರಾ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಉತ್ತರ ಸ್ವಲ್ಪ ವಿಚಿತ್ರ: ಹೆಚ್ಚುಕಡಿಮೆ ಮರೆಯಾಯಿತು. ಗೆದ್ದ ಕಾಪೊಯೆರಾ ಉಳಿಯಲಿಲ್ಲ, ಸೋತ ಕಾಪೊಯೆರಾ ಹಾಡಿಕೊಂಡು ಲೋಕ ಸುತ್ತಿತು. ನನಗೇನೂ ಬೇಸರವಿಲ್ಲ. ನಾನು ಎಂಟು ವರ್ಷ ಬಂದದ್ದು ಆ ಹಾಡಿಗಾಗಿಯೇ. ಆದರೆ ಆ ತಾಯಿ ಬಂದದ್ದು ಹಾಡಿಗಾಗಿ ಅಲ್ಲ.

ಈಗ ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಯುಗಾದಿಗೆ ದಾವಣಗೆರೆಗೆ ಹೋಗಿದ್ದೆ. ಚಿಕ್ಕಪ್ಪನ ಮಗ ಗರಡಿಯಲ್ಲಿ ಬೆಳೆದ ಹುಡುಗ, ಮಟ್ಟಿ ಕುಸ್ತಿಯಲ್ಲಿ ಒಂದೆರಡು ಬೆಳ್ಳಿ ಗದೆ ಹೊತ್ತು ತಂದವನು. ಹೋಳಿಗೆ ಊಟ ಅರಗಿದ ಮೇಲೆ ಸಂಜೆ ತಾರಸಿಯಲ್ಲಿ "ಅಣ್ಣ, ಅದೇನೋ ಡ್ಯಾನ್ಸ್ ಫೈಟು ಕಲ್ತಿಯಂತಲ್ಲ, ತೋರ್ಸು" ಅಂದ. ಜಿಂಗಾ ಹಾಕಿದೆ. ಒಂದು ಸುತ್ತು ತಿರುಗಿ ಆರ್ಮಾದಾ ಒದೆತ ಬೀಸಿದೆ. ಎರಡು ಹೆಜ್ಜೆ ಹಿಂದೆ ಸರಿದು "ಚೆನ್ನಾಗೈತೆ" ಅಂದ. ಹುರುಪು ಬಂತು. ಕೈ ನೆಲಕ್ಕೂರಿ, ತಲೆ ತಗ್ಗಿಸಿ, ನಮ್ಮೆಲ್ಲರ ಹೆಮ್ಮೆಯ ಒದೆತ ಮೇಯಾ ಲೂವಾ ಜಿ ಕೊಂಪಾಸು ಬಿಟ್ಟೆ. ಹಿಮ್ಮಡಿ ಅರ್ಧ ದಾರಿ ಬರುವಷ್ಟರಲ್ಲಿ ಅವನು ಒಳಗೆ ಬಂದಾಗಿತ್ತು. ಅವನ ಎದೆ ನನ್ನ ತೊಡೆಗೆ ಅಂಟಿತ್ತು, ಕೈ ಸೊಂಟ ಸುತ್ತಿತ್ತು. ಕೂಸನ್ನು ಚಾಪೆಗೆ ಹಾಕುವ ಹಾಗೆ ನನ್ನನ್ನು ಮೆಲ್ಲಗೆ ಅಂಗಾತ ಮಲಗಿಸಿ "ಆಯ್ತಾ ಅಣ್ಣ?" ಅಂದ. ಅಲ್ಲೇ ಸಂಡಿಗೆ ಒಣಹಾಕಿದ್ದ ಚಿಕ್ಕಮ್ಮ ಬಂದು ಇಬ್ಬರಿಗೂ ಬೈದರು.

ಅವನು ನನಗಿಂತ ಗಟ್ಟಿ, ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಒಪ್ಪಿದೆ. ಆದರೆ ಆವತ್ತು ರಾತ್ರಿ ನನ್ನನ್ನು ಕಾಡಿದ್ದು ಬೇರೆ. ಅವನು ದಿನ ಬೆಳಗಾದರೆ ಮಟ್ಟಿಗಿಳಿದು, ತನ್ನನ್ನು ಚಿತ್ ಮಾಡಲೇಬೇಕೆಂದು ಹಟ ತೊಟ್ಟ ಇನ್ನೊಬ್ಬನ ಜೊತೆ ಸೆಣಸುತ್ತಾನೆ. ಅವನ ಪಟ್ಟು ಸುಳ್ಳಾಗಿದ್ದರೆ ಅದೇ ಬೆಳಗ್ಗೆ ಗೊತ್ತಾಗುತ್ತದೆ. ನನ್ನ ಕೊಂಪಾಸು ಸುಳ್ಳೋ ನಿಜವೋ ಎಂದು ಅಲ್ಲಿಯವರೆಗೆ ಯಾರೂ ಪರೀಕ್ಷಿಸಿರಲಿಲ್ಲ. ಹೋಡಾದಲ್ಲಿ ನಾನು ಕಾಲೆತ್ತಿದರೆ ಎದುರಿನವರು ತಗ್ಗುತ್ತಾರೆ. ತಗ್ಗಬೇಕು ಎಂದೇ ಕಲಿಸಿದ್ದೇವೆ. ತಾಗಿಸದೆ ತೋರಿಸಿ ಬಿಡುವುದೇ ಒಳ್ಳೆಯ ಆಟಗಾರನ ಸಭ್ಯತೆ. ಕಾಲನ್ನು ಎದುರಿನವರ ಕಿವಿಯಿಂದ ಗೇಣು ದೂರದಲ್ಲಿ ಹಾಯಿಸುವುದನ್ನು ಸಾವಿರ ಸಲ ಮಾಡಿದ ಮೈಗೆ, ಬೇಕಾದ ದಿನ ಆ ಗೇಣು ಕಡಿಮೆ ಮಾಡಲು ಬರುವುದಿಲ್ಲ. ಗರಡಿಯವರನ್ನು ಯಾರೂ "ನಿಮ್ಮ ಕುಸ್ತಿ ನಿಜವಾಗಿ ಕೆಲಸ ಮಾಡುತ್ತದಾ?" ಎಂದು ಕೇಳಿದ್ದು ನಾನು ಕಂಡಿಲ್ಲ.

ಇನ್ನು ಆ ವಿಡಿಯೋ. 2009ರಲ್ಲಿ ಕೆನಡಾದ ಪಂದ್ಯವೊಂದರಲ್ಲಿ ಮಾರ್ಕುಸ್ ಔರೇಲಿಯು ಎಂಬ ಕಾಪೊಯೆರಾ ಆಟಗಾರ, ಕೀಗನ್ ಮಾರ್ಷಲ್ ಎಂಬಾತನನ್ನು ಅದೇ ಕೊಂಪಾಸಿನಿಂದ ಮೂರ್ಛೆಗೊಳಿಸಿದ್ದು. ಹಿಮ್ಮಡಿ ತಲೆಗೆ ತಗುಲಿ, ನಿಂತಿದ್ದವನು ಕಡಿದ ಬಾಳೆಯಂತೆ ಬೀಳುತ್ತಾನೆ. ನೋಡಿದರೆ ಈಗಲೂ ರೋಮ ನಿಲ್ಲುತ್ತದೆ. ಹಾಗಾದರೆ ಈ ಒದೆತ ಸುಳ್ಳಲ್ಲ. ಕಾಲು ಉದ್ದದ ಸನ್ನೆಕೋಲು; ಕೈ ನೆಲದ ಮೇಲಿದ್ದು ಇಡೀ ಮೈ ತಿರುಗಣಿಯಾದಾಗ ಹಿಮ್ಮಡಿಗೆ ಬರುವ ವೇಗ ದೊಡ್ಡದು. ಅದರ ಬೆಲೆಯೂ ದೊಡ್ಡದು. ತಿರುಗುವ ನಡುವೆ ಒಂದು ಗಳಿಗೆ ಎದುರಾಳಿ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಬೆನ್ನು ಅವನ ಕಡೆಗಿರುತ್ತದೆ. ದೂರ ನಿಂತವನಿಗೆ ಇದು ಸಿಡಿಲು. ಒಳಗೆ ನುಗ್ಗಿದವನಿಗೆ ತಾನಾಗಿ ಬಂದ ಉಡುಗೊರೆ.

ಒಂದೇ ವಿಡಿಯೋ ತೋರಿಸುವ ಬದಲು ಇಡೀ ಲೆಕ್ಕ ತೋರಿಸಿ. ಕಾಪೊಯೆರಾವನ್ನೇ ನೆಚ್ಚಿ ಬಂದ ಆಂದ್ರೆ ಗುಸ್ಮಾಂವ್ 2008ರಲ್ಲಿ ಎಲ್ಲ ಬಗೆಯ ಕಾದಾಟ ಬೆರೆತ ಯುಎಫ್‌ಸಿ ಕಣದಲ್ಲಿ ಜಾನ್ ಜೋನ್ಸ್ ಎದುರು ಅಂಕಗಳಲ್ಲಿ ಸೋತರು. ಆಗಿನ್ನೂ ಜೋನ್ಸ್ ಹೆಸರು ಯಾರಿಗೂ ಗೊತ್ತಿರಲಿಲ್ಲ. ಜೋಸೆ ಆಲ್ಡೋ ಹುಡುಗನಾಗಿದ್ದಾಗ ಕಾಪೊಯೆರಾದಿಂದ ಶುರು ಮಾಡಿ, ಜುಜುತ್ಸುವಿಗೆ ಹೋಗಿ, ಆಮೇಲೆ ವಿಶ್ವವಿಜೇತನಾದ. ತಿಯಾಗು ಸಾಂತುಸ್ ಕಾಪೊಯೆರಾದವನೇ, ಒದೆತಗಳಿಂದ ದೊಡ್ಡದೊಡ್ಡವರನ್ನು ಕೆಡವಿದವನು. ಅವನ ಕೈಗಳು ಮಾತ್ರ ಬಾಕ್ಸಿಂಗ್‌ನ ಕೈಗಳು. ಆಂಡರ್ಸನ್ ಸಿಲ್ವಾ ಕೂಡ ಸ್ವಲ್ಪ ಕಾಲ ಕಲಿತಿದ್ದರು. ನನಗೆ ಎಲ್ಲಕ್ಕಿಂತ ಪಾಠವಾದದ್ದು ಮಿಶೆಲ್ ಪೆರೇರಾ ಪಂದ್ಯ. 2019ರ ಸೆಪ್ಟೆಂಬರ್‌ನಲ್ಲಿ, ವ್ಯಾಂಕೂವರ್‌ನಲ್ಲಿ. ಪೆರೇರಾ ಕಣದ ಬೇಲಿಗೆ ಕಾಲು ಕೊಟ್ಟು ಹಾರಿದ, ಹಿಮ್ಮುಖ ಲಾಗ ಹೊಡೆದ, ಜನ ಹುಚ್ಚೆದ್ದು ಕೂಗಿದರು. ಎದುರಿಗಿದ್ದ ಟ್ರಿಸ್ಟನ್ ಕಾನೆಲಿ ಕೆಲವೇ ದಿನ ಮುಂಚೆ ಕರೆಸಿದ ಬದಲಿ ಆಳು. ಮೊದಲ ಸುತ್ತು ಮುಗಿಯುವಾಗಲೇ ಪೆರೇರಾನ ಉಸಿರು ಮುಗಿದಿತ್ತು. ಕಾನೆಲಿ ತಾಳ್ಮೆಯಿಂದ ಹಿಡಿದು, ಒತ್ತಿ, ಮೂರು ಸುತ್ತಿನಲ್ಲಿ ಗೆದ್ದ. ನಮ್ಮ ಲಾಗ ನಮ್ಮನ್ನೇ ದಣಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದುಬಾರಿ ಪ್ರಾತ್ಯಕ್ಷಿಕೆ ಸಿಗಲಾರದು.

ಇಲ್ಲಿ ಗೆದ್ದ ಆಲ್ಡೋ, ಸಾಂತುಸ್, ಸಿಲ್ವಾ ಯಾರೂ ಬರೀ ಹೋಡಾದಿಂದ ಎದ್ದು ಕಣಕ್ಕೆ ಹೋದವರಲ್ಲ. ಮೈಮೇಲೆ ಬೀಳುವವರೊಡನೆ ವರ್ಷಗಟ್ಟಲೆ ಕಾದು, ಅದರೊಳಗೆ ಕಾಪೊಯೆರಾದ ಒಂದೆರಡು ಪಟ್ಟುಗಳನ್ನು ಬೆಸೆದುಕೊಂಡವರು.

ನನ್ನನ್ನು ಕೇಳಿದರೆ ನಮ್ಮ ನಿಜವಾದ ಆಯುಧ ಕೊಂಪಾಸು ಅಲ್ಲವೇ ಅಲ್ಲ, ಹಸ್ತೇರಾ. ಎದುರಿನವನು ತೂಕ ಬದಲಿಸುವ ಗಳಿಗೆಯಲ್ಲಿ ಅವನ ಹಿಮ್ಮಡಿಯ ಹಿಂದೆ ನಮ್ಮ ಪಾದವನ್ನು ಕೊಕ್ಕೆಯಂತೆ ಇಟ್ಟು ಎಳೆಯುವುದು. ಅದಕ್ಕೆ ಬಲ ಬೇಡ, ಎತ್ತರ ಬೇಡ; ಹೊಡೆಯುವ ಕೆಲಸವನ್ನು ನೆಲ ಮಾಡುತ್ತದೆ. ವಿಡಿಯೋದಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ, ಆದ್ದರಿಂದ ನಾವು ಅಭ್ಯಾಸ ಮಾಡುವುದೂ ಇಲ್ಲ. ಆಮೇಲೆ ತಲೆಗುದ್ದು. ಮತ್ತೆ, ಎದೆಗೆ ನೇರ ಪಾದವಿಟ್ಟು ನೂಕುವ 'ಬೆನ್ಸಾಂವ್'. ಆ ಪದದ ಅರ್ಥ ಆಶೀರ್ವಾದ. ಕಾಪೊಯೆರಾದವರ ಹಾಸ್ಯಪ್ರಜ್ಞೆಗೆ ಇಷ್ಟು ಸಾಕು. ಇವೆಲ್ಲಕ್ಕಿಂತ ಮೇಲಿನದು 'ಮಲೀಸಿಯಾ', ನಾವು ಕಿಲಾಡಿ ಅನ್ನುತ್ತೇವಲ್ಲ, ಅಂಥವನ ಬುದ್ಧಿ: ಎದುರಿನವನ ಮನಸ್ಸು ಓದುವುದು, ನಗುತ್ತ ನಿಂತು ಬಾಗಿಲು ಎಲ್ಲಿದೆ ಎಂದು ಕಣ್ಣಂಚಿನಲ್ಲಿ ನೋಡಿಟ್ಟುಕೊಳ್ಳುವುದು. ಮೆಸ್ತ್ರಿ ಪಾಸ್ಟಿನ್ಯಾ ಎಳೆಯ ಹುಡುಗನಾಗಿದ್ದಾಗ ತನಗಿಂತ ದೊಡ್ಡ ಹುಡುಗನೊಬ್ಬನಿಂದ ದಿನಾ ಪೆಟ್ಟು ತಿನ್ನುತ್ತಿದ್ದರಂತೆ. ಕಿಟಕಿಯಿಂದ ಅದನ್ನು ನೋಡುತ್ತಿದ್ದ ಬೆನೆಡಿಟು ಎಂಬ ಆಫ್ರಿಕಾದ ಮುದುಕ ಕರೆದು ವಿದ್ಯೆ ಕಲಿಸಿದ. ಇದನ್ನು ಪಾಸ್ಟಿನ್ಯಾ ಅವರೇ ಹೇಳಿಕೊಂಡಿದ್ದಾರೆ. ಆ ಮುದುಕ ಮೊದಲು ಹಿಮ್ಮುಖ ಲಾಗ ಕಲಿಸಿರಲಿಕ್ಕಿಲ್ಲ ಎಂದು ನನ್ನ ಊಹೆ.

ಈಗ ಆ ಹುಡುಗಿಯ ವಿಷಯ. ರಾತ್ರಿ ಎಂಟಕ್ಕೆ ಟ್ಯೂಷನ್‌ನಿಂದ ಬರುವ ಹದಿನಾಲ್ಕರ ಹುಡುಗಿಗೆ ಎದುರಾಗುವವನು ಆರಡಿ ದೂರದಲ್ಲಿ ಜಿಂಗಾ ಹಾಕುತ್ತ ನಿಲ್ಲುವುದಿಲ್ಲ. ಮುಂಗೈ ಹಿಡಿಯುತ್ತಾನೆ, ಬ್ಯಾಗ್ ಎಳೆಯುತ್ತಾನೆ, ಗೋಡೆಗೆ ಒತ್ತುತ್ತಾನೆ. ಅವಳ ಮೈಮೇಲೆ ಐದು ಕೆಜಿ ಪುಸ್ತಕ ಇರುತ್ತದೆ, ಕಾಲಲ್ಲಿ ಚಪ್ಪಲಿ, ಕೆಳಗೆ ಕಿತ್ತುಹೋದ ಫುಟ್‌ಪಾತ್ ಕಲ್ಲು. ಕೈ ಹಿಡಿದವರಿಂದ ಬಿಡಿಸಿಕೊಳ್ಳುವುದನ್ನು ನಮ್ಮ ಕ್ಲಾಸಿನಲ್ಲಿ ಕೊನೆಯ ಸಲ ಯಾವಾಗ ಮಾಡಿಸಿದೆವು? ಕೂಗುವುದನ್ನು? ಓಡುವುದನ್ನು? ನಾನು ಎಂಟು ವರ್ಷದ ಹಾಜರಿಯ ಮೇಲೆ ಹೇಳುತ್ತೇನೆ: ಒಮ್ಮೆಯೂ ಇಲ್ಲ.

ಕಾಪೊಯೆರಾ ಈ ಎಂಟು ವರ್ಷದಲ್ಲಿ ಹೋಡಾದ ಹೊರಗೆ ನನ್ನನ್ನು ಕಾಪಾಡಿದ್ದು ಒಂದೇ ಸಲ, ಅದೂ ಬಚ್ಚಲುಮನೆಯಲ್ಲಿ. ಸೋಪಿನ ನೀರಿಗೆ ಕಾಲು ಜಾರಿತು. ಯೋಚಿಸುವ ಮೊದಲೇ ಒಂದು ಕೈ ನೆಲಕ್ಕೂರಿ, ಒಂದು ಕಾಲು ಮಡಿಸಿ, ಇನ್ನೊಂದು ಚಾಚಿ 'ನೆಗಚೀವಾ'ದಲ್ಲಿ ಕೂತಿದ್ದೆ. ತಲೆ ನಲ್ಲಿಯಿಂದ ಒಂದು ಮೊಳ ಆಚೆಗಿತ್ತು. ನಗಬೇಡಿ, ಬೀಳಲು ಕಲಿಯುವುದು ಸಣ್ಣ ಲಾಭವಲ್ಲ. ನಮ್ಮ ವಯಸ್ಸಿನವರು ಪೆಟ್ಟಾಗಿ ಮಲಗುವುದು ಗೂಂಡಾಗಳಿಂದ ಅಲ್ಲ, ಬಚ್ಚಲಿನಿಂದಲೇ. ಆ ಹುಡುಗಿಗೂ ನಾವು ಖಂಡಿತವಾಗಿ ಕೊಡಬಲ್ಲದ್ದು ಇದೆ: ಗಟ್ಟಿ ಕಾಲು, ಹಗುರ ಮೈ, ಬಿದ್ದರೆ ಏಳುವ ಅಭ್ಯಾಸ, ನಾಲ್ಕು ಜನರ ನಡುವೆ ಗಂಟಲು ಬಿಟ್ಟು ಹಾಡುವ ಧೈರ್ಯ. ಇದನ್ನೇ ಹೇಳಿ ಫೀಸು ತೆಗೆದುಕೊಳ್ಳಬಹುದಲ್ಲ?

ಇಲ್ಲಿ ನಿಮ್ಮಲ್ಲಿ ಕೆಲವರು ಎತ್ತುವ ಆಕ್ಷೇಪ ನನಗೆ ಗೊತ್ತು. "ಸಾರ್, ಇದು ಕಲೆ. 2014ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇದನ್ನು ಹೊಡೆದಾಟದ ತಕ್ಕಡಿಯಲ್ಲಿ ತೂಗಬಾರದು." ಸರಿಯಾದ ಮಾತು. ಪಾಸ್ಟಿನ್ಯಾ ಅವರು 1966ರಲ್ಲಿ ಡಕಾರ್‌ನ ಕಪ್ಪು ಜನರ ಕಲೆಗಳ ಉತ್ಸವಕ್ಕೆ ಹೋದದ್ದು ಯಾರನ್ನೋ ಹೊಡೆದು ತೋರಿಸಲಿಕ್ಕಲ್ಲ. ಆದರೆ ಬಾಕ್ಸಿಂಗ್‌ನವರು ನಕ್ಕಾಗ ಇದು ಕಲೆ, ಪೋಸ್ಟರ್ ಮಾಡುವಾಗ ಇದು ಆತ್ಮರಕ್ಷಣೆ, ಈ ಎರಡು ನಾಲಿಗೆ ಬೇಡ. ನಮ್ಮ ಈ ವರ್ಷದ ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಇರುವ ಪದ ಯಾವುದು, ತೆಗೆದು ನೋಡಿ. ನಗುವ ಬಾಕ್ಸಿಂಗ್ ಗೆಳೆಯರಿಗೂ ಒಂದು ಮಾತು: ಹಸ್ತೇರಾ ಬಲ್ಲವನ ಎದುರು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು ನೋಡಿ, ಆಮೇಲೆ ನಗಿ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ವಾರಕ್ಕೊಂದು ಗಂಟೆ ಬೆರಿಂಬಾವ್ ಚೀಲದಲ್ಲೇ ಇರಲಿ. ಗ್ಲೌಸು, ಹಲ್ಲಿನ ಗಾರ್ಡು ಹಾಕಿಕೊಂಡು, ಮೆಲ್ಲಗೆ ಶುರು ಮಾಡಿ, ಒಬ್ಬರು ನಿಜವಾಗಿ ಹಿಡಿಯಲಿ, ಇನ್ನೊಬ್ಬರು ನಿಜವಾಗಿ ಬಿಡಿಸಿಕೊಳ್ಳಲಿ. ತಿಂಗಳಿಗೊಮ್ಮೆ ಒಬ್ಬ ಕುಸ್ತಿಯವರನ್ನೋ ಜೂಡೋದವರನ್ನೋ ಕರೆಯೋಣ. ದಾವಣಗೆರೆಯವನು ಬಸ್ ಚಾರ್ಜು ಕೊಟ್ಟರೆ ಬರುತ್ತಾನೆ, ಕೇಳಿದ್ದೇನೆ. ನಮ್ಮ ಯಾವ ಪಟ್ಟು ಉಳಿಯುತ್ತದೆ, ಯಾವುದು ಉದುರುತ್ತದೆ ಎಂದು ಆರು ತಿಂಗಳಲ್ಲಿ ನಮಗೇ ಗೊತ್ತಾಗುತ್ತದೆ. ಇಷ್ಟು ಮಾಡಲು ಮನಸ್ಸಿಲ್ಲದಿದ್ದರೆ ಅದೂ ತಪ್ಪಲ್ಲ, ಹಾಡಿಕೊಂಡು ಆಡೋಣ. ಆಗ ಪೋಸ್ಟರಿನಿಂದ ಆ ಪದ ತೆಗೆಯಬೇಕು, ಅಷ್ಟೇ.

ಬರುವ ಭಾನುವಾರ ಹೊಸ ತಿಂಗಳ ಮೊದಲ ಕ್ಲಾಸು. ಆ ತಾಯಿ ಮಗಳನ್ನು ಕರೆದುಕೊಂಡು ಬರುತ್ತಾರೆ. ಅವರಿಗೆ ಹೇಳಬೇಕಾದ್ದನ್ನು ನಾನೇ ಹೇಳುತ್ತೇನೆ. ಆಮೇಲೂ ಸೇರಿಸಿದರೆ ಸೇರಿಸಲಿ, ಬಿಟ್ಟರೆ ಬಿಡಲಿ. ನಾನು ಮಾತಾಡುವಾಗ ದಯವಿಟ್ಟು ಯಾರೂ ಮೊಬೈಲ್ ತೆಗೆಯಬೇಡಿ. ಬರುವಾಗ ಯಾರ ಮನೆಯಲ್ಲಾದರೂ ಹಳೆಯ ಬಾಕ್ಸಿಂಗ್ ಪ್ಯಾಡ್ ಇದ್ದರೆ ತನ್ನಿ.

ಇಂತಿ,
ನಿಮ್ಮ ಸುತ್ತಿನಲ್ಲೇ ನಿಲ್ಲುವ,
ಎಡ ಮಂಡಿಗೆ ಪಟ್ಟಿ ಕಟ್ಟಿಕೊಂಡು ಬರುವವನು